ಬಾವಿ ಮುಚ್ಚು ಅಂದವರು ಯಾರು

ಅಥೆನ್ಸ್, ಕುಂಬಾರಗೇರಿ
ಮೂನಿಖಿಯಾನ್ ಮಾಸದ ಹನ್ನೊಂದನೆಯ ದಿನ

ನಿಕರೆತೆ ತನ್ನ ಮಗಳು ಮೆಲಿತ್ತಳಿಗೆ ಬರೆಯುವುದು.

"ಸಂತೋಷವಾಗಿರು" ಎಂದು ಮೊದಲ ಸಾಲಿನಲ್ಲಿ ಬರೆಯುವುದು ವಾಡಿಕೆ. ಈ ಸಲ ಆ ಮಾತು ಬರೆಯಲು ನನಗೆ ಮನಸ್ಸಿಲ್ಲ. ಸಿಟ್ಟಾಗಿರು, ಮಗಳೇ. ಸಿಟ್ಟಾಗಿ, ಹೊಟ್ಟೆ ತುಂಬ ಉಂಡು, ಕೋಣೆಯ ಬಾಗಿಲು ಹಾಕಿಕೊಂಡು ಇದನ್ನು ಓದು. ನಿನ್ನ ಅತ್ತೆ ಬಾಗಿಲು ಯಾಕೆ ಹಾಕಿದೆ ಎಂದರೆ ಅಮ್ಮ ಅಂಜೂರ ಕಳಿಸಿದ್ದಾಳೆ, ಎಣಿಸುತ್ತಿದ್ದೇನೆ ಎನ್ನು.

ಈ ಹಾಳೆ ಹಳೆಯದು. ಹಿಂಬದಿಯಲ್ಲಿ ಈ ವರ್ಷ ದಿಯೊನೀಸನ ಹಬ್ಬದಲ್ಲಿ ಆಡಿದ ನಾಟಕದ ಅರಸನ ಮಾತುಗಳಿವೆ. ಆ ಪಾತ್ರ ಮಾಡಿದ ಲಿಕಿಸ್ಕ ತನ್ನ ಮಾತಿನ ಸುರುಳಿಯನ್ನು ನಮ್ಮ ಮುಖವಾಡದ ಅಂಗಡಿಯಲ್ಲೇ ಮರೆತು ಹೋಗಿದ್ದ; ನಾನು ಕತ್ತರಿಸಿಕೊಂಡೆ. ಅರಸ ಹೇಗೂ ಸತ್ತಾಯಿತು, ಅವನಿಗಿನ್ನು ಅದರಿಂದ ಏನಾಗಬೇಕು? ನೀನು ಮಾತ್ರ ಹಿಂಬದಿ ಓದಬೇಡ. ಆ ನಾಟಕದಿಂದ ನೀನು ಬೇಕಾದ್ದಕ್ಕಿಂತ ಹೆಚ್ಚು ಕಲಿತುಬಿಟ್ಟಿದ್ದೀಯೆ.

ನಿನ್ನ ಪತ್ರ ಹೋದ ವಾರ ಬಂತು. ನಾಲ್ಕು ಸಲ ಓದಿದೆ. ಮೊದಲ ಸಲ ಓದಿದಾಗ ಅತ್ತುಬಿಟ್ಟೆ. ಆಮೇಲೆ ಅಳು ನಿಂತು ಕೋಪ ಬಂತು, ಅದು ಇನ್ನೂ ಇಳಿದಿಲ್ಲ. ನೀನು ಬಸುರಿ ಎಂದು ತಿಳಿದಾಗ ನಿನ್ನ ಅತ್ತೆ ಕುರಿ ಬಲಿ ಕೊಡಿಸಿದರಂತೆ. ಕುರಿಯ ಯಕೃತ್ತಿನಲ್ಲಿ ಇರಬೇಕಾದ ಒಂದು ತುಂಡು ಇರಲಿಲ್ಲವಂತೆ. ಈ ಮಗು ಬಂದರೆ ಮನೆಯ ಯಜಮಾನ ಉಳಿಯುವುದಿಲ್ಲ ಎಂದು ಶಕುನದವನು ಹೇಳಿದನಂತೆ. ಅಳಿಯ ಆರ್ಕಿಪ್ಪ ಹೆದರಿ ದೊದೋನೆಗೆ ಹೋಗಿ ಓಕ್ ಮರದ ದೇವರನ್ನು ಕೇಳಿ ಬಂದನಂತೆ. ದೇವರೂ ಬೇಡ ಅಂದನಂತೆ. ಹಾಗಾಗಿ ಮಗು ಹುಟ್ಟಿದ ಐದನೆಯ ದಿನ ಅದನ್ನು ಮನೆಯ ಮಗು ಎಂದು ಒಪ್ಪಿ ಎತ್ತಿಕೊಂಡು ಒಲೆಯ ಸುತ್ತ ಓಡುವ ಶಾಸ್ತ್ರ ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. ಅದಕ್ಕೆ ಮುಂಚೆಯೇ ಮಡಕೆಯಲ್ಲಿಟ್ಟು ಊರಾಚೆ ಬಿಟ್ಟು ಬರುತ್ತಾರೆ. ಇಷ್ಟನ್ನೂ ನೀನು ಮನೆಯಲ್ಲಿ ಎಣ್ಣೆ ತೀರಿದೆ, ಉಪ್ಪು ತೀರಿದೆ ಎನ್ನುವ ಹಾಗೆ ಬರೆದಿದ್ದೀಯೆ. ಕೊನೆಗೆ, ಬಾವಿ ಮುಚ್ಚಿದ ಅರಸನೇ ವಿಧಿಯಿಂದ ತಪ್ಪಿಸಿಕೊಳ್ಳಲಿಲ್ಲವಂತೆ, ನಿಮ್ಮೂರಿನ ನಾಟಕ ನೋಡಿ ಬಂದ ಮೀನಿನವರು ಹೇಳಿದರು, ನಾನು ಯಾವ ಗಿಡದ ತೊಪ್ಪಲು ಎಂದು ಕೇಳಿದ್ದೀಯೆ.

ಅಳಿಯನನ್ನು ಬೈಯಲು ನಾನು ಕೂತಿಲ್ಲ. ಅವನು ಕೆಟ್ಟವನಲ್ಲ. ಮೂರು ವರ್ಷದಲ್ಲಿ ನಿನ್ನ ಮೇಲೆ ಕೈ ಎತ್ತಿಲ್ಲ, ನಿನಗೆ ಜ್ವರ ಬಂದಾಗ ತಾನೇ ಬಾರ್ಲಿ ಗಂಜಿ ಕುಡಿಸಿದ್ದಾನೆ. ಆದರೆ ಹೆದರುಪುಕ್ಕಲ. ಅವನ ಅಪ್ಪ ಮೂವತ್ತಕ್ಕೇ ಸತ್ತರು, ಇವನಿಗೆ ಈಗ ಇಪ್ಪತ್ತೊಂಬತ್ತು, ಅಷ್ಟು ಸಾಕು. ಹೆದರಿದವನ ಕಣ್ಣಿಗೆ ಕುರಿಯ ಹೊಟ್ಟೆಯಲ್ಲಿ ಏನು ಬೇಕಾದರೂ ಕಾಣುತ್ತದೆ. ಅಂಥವನ ಪಕ್ಕದಲ್ಲಿ ಹೆದರದವಳು ಒಬ್ಬಳಾದರೂ ಇರಬೇಕಿತ್ತು. ನಾನು ನಿನ್ನನ್ನು ಅಂಥವಳಾಗಿ ಬೆಳೆಸಿದೆ ಅಂದುಕೊಂಡಿದ್ದೆ.

ಪತ್ರ ಬಂದ ಮೂರನೆಯ ದಿನ ನಿನ್ನ ಸೋದರಮಾವ ಡೆಕ್ಸಿಯ ಬಂದ. ಅವನ ಸ್ವಭಾವ ಗೊತ್ತಲ್ಲ, ನಮ್ಮನೆಯ ಮೀನು ಬೇಯುವ ಹೊತ್ತು ಅವನಿಗೆ ಬಂದರಿನಲ್ಲೇ ತಿಳಿಯುತ್ತದೆ. ಉಣ್ಣುತ್ತಿದ್ದವನಿಗೆ ನಿನ್ನ ಪತ್ರ ಓದಿ ಹೇಳಿದೆ. ದೊದೋನೆಯ ಮಾತು ಬಂದಾಗ ಬಾಯಿಯ ಹತ್ತಿರ ತಂದಿದ್ದ ರೊಟ್ಟಿಯನ್ನು ಹಾಗೇ ತಟ್ಟೆಯಲ್ಲಿಟ್ಟ. ಅಳಿಯನನ್ನು ಹಡಗಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋದವನು ಅವನೇ ಎಂದು ನಿನಗೆ ಗೊತ್ತು. ಅಲ್ಲಿ ಏನು ನಡೆಯಿತು ಎಂದು ನೀನು ಅವನನ್ನು ಕೇಳಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಕೇಳಿದೆ.

ಅಲ್ಲಿ ಪ್ರಶ್ನೆಯನ್ನು ಸೀಸದ ತಗಡಿನ ಮೇಲೆ ಗೀಚಿ, ಮಡಚಿ ಪೂಜಾರಿಣಿಯ ಕೈಗೆ ಕೊಡುವುದು ಕ್ರಮ. ನಿನ್ನ ಗಂಡನ ಅಕ್ಷರ ಕೋಳಿ ಕೆದರಿದ ಹಾಗೆ, ದೇವರಿಗೂ ಓದಲಾಗದು. ಅದಕ್ಕೇ ಅವನು ಹೇಳುತ್ತ ಹೋದದ್ದನ್ನು ಡೆಕ್ಸಿಯ ಬರೆದುಕೊಟ್ಟ. ಅವನು ಬರೆದದ್ದು ಇದು: "ಹುಟ್ಟುವ ಮಗುವನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳದಿದ್ದರೆ, ಆ ದೋಷ ನನಗೆ ತಟ್ಟದ ಹಾಗೆ ಯಾವ ದೇವರಿಗೆ ಬಲಿ ಕೊಡಬೇಕು?" ಉತ್ತರ ಬಂತು: ಮನೆ ಕಾಯುವ ಜೀಯಸನಿಗೆ. ಅಷ್ಟೇ. ಅದರ ಹಿಂದೆ ಇಲ್ಲ, ಮುಂದೆ ಇಲ್ಲ.

ಇನ್ನೊಂದು ಸಲ ಓದು, ಮೆಲಿತ್ತ. ಮಗುವನ್ನು ಇಟ್ಟುಕೊಳ್ಳಲೋ ಬೇಡವೋ ಎಂದು ಅವನು ಕೇಳಲೇ ಇಲ್ಲ. ಬೇಡ ಎಂದು ನಿಮ್ಮೂರು ಎರೆಟ್ರಿಯದಿಂದ ಹೊರಡುವಾಗಲೇ ತೀರ್ಮಾನ ಮಾಡಿಕೊಂಡು ಹೋಗಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದಕ್ಕೊಂದು ದಾರಿ ಕೇಳಿದ. ದೇವರು ಕೇಳಿದ್ದಕ್ಕೆ ಉತ್ತರ ಕೊಟ್ಟ.

ಡೆಕ್ಸಿಯನ ಮೇಲೆ ರೇಗಿದೆ. ಅವನು ತಲೆ ತಗ್ಗಿಸಿಕೊಂಡು, "ಅಕ್ಕ, ಅವನು ಸುಳ್ಳು ಹೇಳ್ತಿಲ್ಲ. ದಾರಿಯುದ್ದಕ್ಕೂ ದೇವರು ಒಪ್ಪಿದ, ದೇವರು ಒಪ್ಪಿದ ಅಂತಿದ್ದ. ನಾನೂ ಹೂಂ ಅಂದೆ. ನಾವೆಲ್ಲ ಹಾಗೇ ಅಲ್ವಾ ಕೇಳೋದು?" ಅಂದ.

ಹೌದು, ನಾವೆಲ್ಲ ಹಾಗೇ ಕೇಳುವುದು. ಡೆಕ್ಸಿಯ ಹಡಗಿಗೆ ಸರಕು ತುಂಬಿ, ಹಾಯಿ ಕಟ್ಟಿದ ಮೇಲೆ ಯಾವ ದೇವರನ್ನು ಪ್ರಾರ್ಥಿಸಿದರೆ ಪ್ರಯಾಣ ಸುಖವಾದೀತು ಎಂದು ಕೇಳುತ್ತಾನೆ. ಹೋಗಲೇ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ನಿನ್ನ ಮದುವೆ ನಿಶ್ಚಯ ಮಾಡಿದ ಮೇಲೇ ಅಪ್ಪ ಕಣಿ ಕೇಳಿದ್ದರು. ಮೊದಲು ನಮ್ಮ ಮನಸ್ಸು, ಆಮೇಲೆ ದೇವರ ಹೆಸರು. ಹಡಗಿನ ವಿಷಯಕ್ಕೆ ಅದರಿಂದ ದೊಡ್ಡ ಕೇಡಿಲ್ಲ. ನಿನ್ನ ಮಗುವಿನ ವಿಷಯಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಅಳಿಯ ಸುಳ್ಳುಗಾರನಾಗಿದ್ದರೆ ಬೈದು ಸರಿ ಮಾಡಬಹುದಿತ್ತು. ಅವನು ತಾನು ಹೇಳುವುದನ್ನು ನಂಬಿದ್ದಾನೆ, ನನಗೆ ಭಯ ಅದೇ.

ಈಗ ಆ ನಾಟಕದ ಮಾತು. ನೀನು ಅದರ ಕಥೆ ಮೀನಿನವರ ಬಾಯಲ್ಲಿ ಕೇಳಿದ್ದೀಯೆ, ನಾನು ಅದರ ಮುಖಗಳನ್ನು ಮಾಡಿದವಳು. ಕ್ಲಿಯೋಮಂತ ಎಂಬ ಅರಸ. ಊರಿನ ಬಾವಿಯಿಂದ ನಿನಗೆ ಸಾವು ಎಂದು ಅವನಿಗೆ ದೈವವಾಣಿ ಆಗುತ್ತದೆ. ಅವನು ಊರಿನವರ ಕೈಯಲ್ಲೇ ಕಲ್ಲು ಹೊರಿಸಿ ಬಾವಿಯನ್ನು ಮುಚ್ಚಿಸುತ್ತಾನೆ. ಮೂರು ವರ್ಷ ಕಳೆದು ಶತ್ರುಗಳು ಊರನ್ನು ಸುತ್ತುಗಟ್ಟುತ್ತಾರೆ. ಹೊರಗಿನ ಹೊಳೆಗೆ ಹೋಗುವಂತಿಲ್ಲ, ಒಳಗೆ ನೀರಿಲ್ಲ, ಮಕ್ಕಳು ಬಾಯಾರಿ ಸಾಯುತ್ತವೆ. ಜನ ರೊಚ್ಚಿಗೆದ್ದು ಬಾವಿಯ ಕಲ್ಲುಗಳನ್ನು ಮೇಲೆತ್ತುತ್ತಾರೆ, ಅದೇ ಕಲ್ಲುಗಳಿಂದ ಅರಸನನ್ನು ಹೊಡೆದು ಕೊಲ್ಲುತ್ತಾರೆ. ಕೊನೆಯಲ್ಲಿ ಮೇಳದ ಹದಿನೈದು ಜನ ಸಾಲಾಗಿ ನಿಂತು, ಮನುಷ್ಯ ಎಷ್ಟು ಓಡಿದರೂ ಅಷ್ಟೇ ಎಂದು ಹಾಡಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಈರುಳ್ಳಿ ತಿನ್ನುವುದನ್ನೂ ಬಿಟ್ಟು ಅತ್ತಳು. ಕೋಟೆಗುಡ್ಡದ ತಪ್ಪಲಿನಲ್ಲಿ ಕೂತ ಅಷ್ಟೂ ಜನ ವಿಧಿ ವಿಧಿ ಎಂದು ತಲೆ ಆಡಿಸಿ, ಮನೆಗೆ ಹೋಗಿ ಚೆನ್ನಾಗಿ ಉಂಡು ಮಲಗಿದರು.

ನಾಟಕಕ್ಕೆ ಹತ್ತು ದಿನ ಮುಂಚೆ ಕವಿಯೂ ಲಿಕಿಸ್ಕನೂ ಮುಖವಾಡದ ಅಳತೆ ನೋಡಲು ಅಂಗಡಿಗೆ ಬಂದಿದ್ದರು. ಆ ಅರಸನಿಗೆ ಎರಡು ಮುಖ, ಒಂದು ಬಿಗಿದದ್ದು, ಒಂದು ರಕ್ತದ್ದು. ಲಿಕಿಸ್ಕ ಮೊದಲನೆಯದನ್ನು ಹಾಕಿಕೊಂಡು ಕಣ್ಣಿನ ತೂತು ಚಿಕ್ಕದಾಯಿತು, ನೆಟ್ಟಗೆ ಎದುರಿಗಿದ್ದದ್ದು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ತಗಾದೆ ತೆಗೆದ. ಹೋದ ವರ್ಷ ಮೆಟ್ಟಿಲು ಎಡವಿದ್ದಕ್ಕೂ ನನ್ನ ಮುಖವಾಡವೇ ಕಾರಣವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಸುಮ್ಮನೆ ಎರಡನೆಯ ಮುಖಕ್ಕೆ ಕೂದಲು ಅಂಟಿಸುತ್ತ ಕೂತಿದ್ದೆ. ಅವನು ಬಾವಿ ಮುಚ್ಚಿಸುವ ಮಾತನ್ನು ಅಳುದನಿಯಲ್ಲಿ ಹೇಳಿ ತೋರಿಸಿದ. ಕವಿ ತಡೆದು, ಹೀಗೇಕೆ ಅಳುತ್ತೀಯ ಎಂದು ಕೇಳಿದ.

"ಪಾಪ, ಅವನಾದರೂ ಏನ್ ಮಾಡ್ತಾನೆ? ದೇವರೇ ಹೇಳಿದ ಮೇಲೆ ಮುಗೀತು," ಅಂದ ಲಿಕಿಸ್ಕ.

"ದೇವರು ಏನು ಹೇಳಿದ?"

"ಬಾವಿಯಿಂದ ಸಾವು ಅಂದ."

"ಸರಿ. ಬಾವಿ ಮುಚ್ಚು ಅಂದೋರು ಯಾರು?"

ಲಿಕಿಸ್ಕ ಮುಖವಾಡ ತೆಗೆದ. ಯಾರೂ ಅನ್ನಲಿಲ್ಲ ಎಂದು ಹೇಳಿದ. ಹಾಗಾದರೆ ಯಾರೋ ಹಿಂದಿನಿಂದ ನೂಕಿದವನ ಹಾಗೆ ಹೇಳಬೇಡ, ಬೇಕೆಂದು ಮಾಡುವವನ ಹಾಗೆ ಹೇಳು ಅಂದ ಕವಿ. ಅವರು ಹೊರಟುಹೋದರು. ನನ್ನ ಕುಂಚದಲ್ಲಿ ಅಂಟು ಒಣಗಿ ಕಲ್ಲಾಗಿತ್ತು. ಆ ಕವಿಗೆ ಹಬ್ಬದಲ್ಲಿ ಮೂರನೆಯ ಸ್ಥಾನ ಬಂತು. ಇದ್ದವರೇ ಮೂರು ಜನ. ನನ್ನ ಮಟ್ಟಿಗೆ ಅವನು ಗೆದ್ದ.

ಈಗ ನೀನು ಹೇಳು. ನಿಮ್ಮ ಮನೆಯಲ್ಲಿ ಬಾವಿಗೆ ಕಲ್ಲು ಹೊರುತ್ತಿರುವವರು ಯಾರು? ಯಜಮಾನನಿಗೆ ಕೇಡು ಎಂದ ಶಕುನದವನು ಮಡಕೆ ತನ್ನಿ ಎಂದನೇ? ದೊದೋನೆಯ ದೇವರು ಅಂದನೇ? ವಿಧಿ ಎಂಬುದು ನಿಜವಾದರೆ ಮಗುವನ್ನು ಎಸೆದರೂ ಆರ್ಕಿಪ್ಪನಿಗೆ ಅದು ತಪ್ಪುವುದಿಲ್ಲ, ಆ ಅರಸನಿಗೆ ತಪ್ಪಿತೇ? ವಿಧಿ ಸುಳ್ಳಾದರೆ ಎಸೆಯುವುದು ಯಾಕೆ? ಎರಡರಲ್ಲಿ ಯಾವುದನ್ನು ನಂಬಿದರೂ ಮಗು ಮನೆಯಲ್ಲೇ ಇರಬೇಕು. ಇದನ್ನು ತಿಳಿಯಲು ಯಾವ ಪಂಡಿತರ ಹತ್ತಿರವೂ ಹೋಗಬೇಕಾಗಿಲ್ಲ. ನಾನು ನಾರುಬಟ್ಟೆಗೆ ಅಂಟು ಹಚ್ಚುವವಳು, ನನಗೇ ತಿಳಿಯಿತು.

ಇಲ್ಲಿಯವರೆಗೆ ಬರೆದದ್ದು ಸುಲಭದ್ದು. ಮುಂದಿನದನ್ನು ಬರೆಯಲು ನಿನ್ನೆ ಕೂತೆ, ಆಗಲಿಲ್ಲ. ಇವತ್ತು ಬರೆದೇ ಏಳುತ್ತೇನೆ.

ನಿನಗಿಂತ ಮೂರು ವರ್ಷ ಮುಂಚೆ ನನಗೊಂದು ಹೆಣ್ಣುಮಗು ಆಗಿತ್ತು. ಹುಟ್ಟುವಾಗಲೇ ಉಸಿರಿರಲಿಲ್ಲ ಎಂದು ನಿನಗೆ ಹೇಳಿದ್ದೆ. ಸುಳ್ಳು. ಉಸಿರಿತ್ತು. ಬಿಸಿಲಿಗೆ ಹಿಡಿದರೆ ಸೀನುತ್ತಿತ್ತು. ಬಲಗಿವಿಯ ತುದಿ ನಿನ್ನದರ ಹಾಗೇ ಮಡಚಿಕೊಂಡಿತ್ತು.

ನನಗಾಗ ಹದಿನೈದು ವರ್ಷ. ಹಬ್ಬ ಹತ್ತಿರ ಬಂದಿತ್ತು, ನಿನ್ನ ಅಪ್ಪ ಬಣ್ಣ ತರಲು ಪೇಟೆಗೆ ಹೋಗಿದ್ದರು. ನಾನೊಬ್ಬಳೇ ಅಂಗಡಿಯಲ್ಲಿ ತೊಗಲಿನ ಅಂಟು ಕಾಯಿಸುತ್ತಿದ್ದೆ. ನೋವು ಶುರುವಾಯಿತು. ಗೋಡೆ ಹಿಡಿದುಕೊಂಡು ಒಳಗೆ ಹೋದೆ, ಅಂಟಿನ ಹಂಡೆಯನ್ನು ಒಲೆಯಿಂದ ಇಳಿಸಲು ಮರೆತೆ. ಹಂಡೆ ಬತ್ತಿ, ಸೀದು, ಮೇಲೆ ಒಣಗಲು ಹಾಕಿದ್ದ ನಾರುಬಟ್ಟೆಗೆ ಬೆಂಕಿ ಹತ್ತಿತು. ಮಗು ಅತ್ತ ಹೊತ್ತಿಗೆ ಸರಿಯಾಗಿ ಅಂಗಡಿಯ ಸೂರು ಉರಿಯುತ್ತಿತ್ತು. ಮೇಳದ ಹನ್ನೊಂದು ಮುಖಗಳು ಸುಟ್ಟುಹೋದವು. ನನ್ನ ಅತ್ತೆ, ನಿನ್ನ ಅಜ್ಜಿ, ಮಗುವನ್ನು ನೋಡಿ, ಇದು ಬೆಂಕಿ ಹಿಡಿದುಕೊಂಡೇ ಬಂದಿದೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮ ಕೇರಿಯಲ್ಲಿ ಯಾವತ್ತೂ ಬರವಿಲ್ಲ. ಎರಡನೆಯ ದಿನ ಶಕುನದವನನ್ನು ಕರೆಸಿದರು, ಅವನು ಅಜ್ಜಿಯ ಮಾತನ್ನೇ ಇನ್ನಷ್ಟು ಉದ್ದ ಮಾಡಿ ಹೇಳಿದ. ಬೆಂಕಿ ಹೇಗೆ ಹತ್ತಿತು ಎಂದು ಯಾರೂ ಕೇಳಲಿಲ್ಲ.

ನನಗೆ ಗೊತ್ತಿತ್ತು. ಹಂಡೆ ಇಳಿಸಲು ನಾನೇ ಮರೆತೆ ಎಂದರೆ ಮುಗಿಯುತ್ತಿತ್ತು. ಹೆರಿಗೆ ನೋವು ಬಂದವಳನ್ನು ಎಷ್ಟು ಬೈದಾರು? ಆದರೂ ಅತ್ತೆಯ ಬಾಯಿಗೆ ಹೆದರಿದೆ. ಹನ್ನೊಂದು ಮುಖ ಸುಟ್ಟವಳು ಎನಿಸಿಕೊಳ್ಳಲು ಹೆದರಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ನಿನ್ನ ಅಪ್ಪ ಮಡಕೆ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ತುಂಬ ಹೊತ್ತು ನಿಂತಿದ್ದು, "ಏನ್ ಮಾಡ್ಲಿ? ನೀನೇ ಹೇಳು," ಅಂದರು.

ನಾನು ಅಂದೆ, "ವಿಧಿ ಇದ್ದ ಹಾಗೆ ಆಗ್ಲಿ."

ಅವರು ಮಗುವನ್ನು ತೆಗೆದುಕೊಂಡು ಹಿಮೆಟ್ಟಸ್ ಗುಡ್ಡದ ಕಡೆ ಹೋದರು.

ಇಪ್ಪತ್ತೆರಡು ವರ್ಷ ನಾನು ಇದನ್ನು ವಿಧಿ ಎಂದು ಕರೆದೆ. ಹಾಗೆ ಕರೆದರೆ ನಿದ್ದೆ ಬರುತ್ತದೆ, ಮೆಲಿತ್ತ. ನಿನ್ನ ಅತ್ತೆ ಹೇಳುವ ಹಾಗೆ ಮೂವರು ಮುದುಕಿಯರು ಎಲ್ಲೋ ಕೂತು ನಮ್ಮ ನೂಲು ತೆಗೆಯುತ್ತಾರೆ ಎಂದರೆ ಕೈ ತೊಳೆದುಕೊಂಡ ಹಾಗಾಗುತ್ತದೆ. ಆದರೆ ಆ ದಿನ ಬಾಗಿಲಲ್ಲಿ ಯಾವ ಮುದುಕಿಯೂ ಇರಲಿಲ್ಲ. ನಿನ್ನ ಅಪ್ಪ ಇದ್ದರು, ನಾನು ಇದ್ದೆ. ಅವರು ಕೇಳಿದರು. ಬೇಡ ಎನ್ನುವ ಬಾಯಿ ನನಗಿತ್ತು. ನಾನೇ ನನ್ನ ಮಗುವನ್ನು ಕೊಟ್ಟೆ. ಬರೆದ ಈ ಸಾಲನ್ನು ನಾನು ಅಳಿಸುವುದಿಲ್ಲ.

ಮೊನ್ನೆ ಡೆಕ್ಸಿಯ ಹೋದ ಮೇಲೆ ನಿನ್ನ ಅಪ್ಪನ ಹತ್ತಿರ ಹೋಗಿ ನಿಂತೆ. ಅವರು ಒದ್ದೆ ನಾರುಬಟ್ಟೆಯನ್ನು ಅಚ್ಚಿನ ಮೇಲೆ ಒತ್ತುತ್ತಿದ್ದರು. ಆ ಮಗುವಿನ ಸುದ್ದಿಯನ್ನು ನಾವಿಬ್ಬರೂ ಒಬ್ಬರೊಬ್ಬರ ಮುಂದೆ ಒಂದು ದಿನವೂ ಎತ್ತಿರಲಿಲ್ಲ. ನಾನು ಹಂಡೆಯ ಕಥೆ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವರು ಅದೇ ಬಟ್ಟೆಯ ಅದೇ ಮೂಲೆಯನ್ನು ಮತ್ತೆ ಮತ್ತೆ ಒತ್ತಿದರು. ಬೈಯುತ್ತಾರೆ ಅಂದುಕೊಂಡೆ. ಬೈದರೆ ಒಳ್ಳೆಯದಿತ್ತು.

"ನಂಗೆ ಗೊತ್ತಿತ್ತು," ಅಂದರು. "ಹಂಡೆ ತಳ ತೂತಾಗಿತ್ತು, ನೋಡಿದ್ದೆ. ನೀನಾಗಿ ಹೇಳ್ತೀಯೇನೋ ಅಂತ ಬಾಗಿಲಲ್ಲಿ ಕೇಳ್ದೆ. ನೀನು ವಿಧಿ ಅಂದೆ. ನಾನೂ ವಿಧಿ ಅಂದ್ಕೊಂಡೆ."

ಅವರು ತಮ್ಮ ತಾಯಿಗೆ ಹೆದರಿದ್ದರು, ನಾನು ಅತ್ತೆಗೆ ಹೆದರಿದ್ದೆ. ಹೆದರಿದ್ದು ಒಬ್ಬಳೇ ಮುದುಕಿಗೆ. ಅವರು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವರು, ನಡುವೆ ಆ ಕೂಸು. ಮೆಲಿತ್ತ, ನನಗೆ ಆ ಕ್ಷಣ ಅವರನ್ನು ಹೊಡೆಯಬೇಕು ಅನಿಸಿತು, ಅವರ ಕಾಲು ಹಿಡಿಯಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಇಬ್ಬರೂ ಕೂತು ಅತ್ತೆವು, ಅಂಗಡಿಗೆ ಬಂದ ಗಿರಾಕಿ ನಮ್ಮನ್ನು ನೋಡಿ ಬಾಗಿಲಿನಿಂದಲೇ ಹಿಂದಕ್ಕೆ ಹೋದ. ಆಮೇಲೆ ಅವರು ಕೈ ತೊಳೆದುಕೊಂಡು, ಎರೆಟ್ರಿಯಕ್ಕೆ ಯಾವಾಗ ಹೊರಡೋಣ ಎಂದು ಕೇಳಿದರು.

ಮಗಳಿಗೆ ಗಂಡುಮಗು ಆಗುವ ತನಕ ತಂದೆ ಅವಳನ್ನು ಗಂಡನ ಮನೆಯಿಂದ ಹಿಂದಕ್ಕೆ ಕರೆತರಬಹುದು, ಗಂಡನಾದವನು ಅಡ್ಡ ಬರುವಂತಿಲ್ಲ. ಇದು ನಮ್ಮ ಕಾನೂನು. ಮದುವೆಯ ದಿನ ಆರ್ಕಿಪ್ಪ ಇದಕ್ಕೆ ಒಪ್ಪಿದ್ದಾನೆ. ನಿನ್ನ ಅಪ್ಪ ನಿನ್ನೆಯೇ ಇಬ್ಬರು ಸಾಕ್ಷಿಗಳನ್ನು ಗೊತ್ತು ಮಾಡಿ ಬಂದರು. ಅವರಿಗೆ ಇಂಥ ಚುರುಕು ಬಂದದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ. ಮಗು ನಮ್ಮ ಮನೆಯಲ್ಲಿ ಹುಟ್ಟಿದರೆ ಐದನೆಯ ದಿನ ತಾವೇ ಅದನ್ನೆತ್ತಿಕೊಂಡು ಒಲೆಯ ಸುತ್ತ ಓಡುತ್ತಾರಂತೆ. 'ನಿಮ್ಮ ಮೊಣಕಾಲು?' ಎಂದರೆ, ಮೊಣಕಾಲು ಹಾಳಾಗಿ ಹೋಗಲಿ ಅಂದರು. ಬಾಗಿಲಿಗೆ ಉಣ್ಣೆ ಕಟ್ಟಬೇಕಾಗಿ ಬಂದರೂ ಸರಿ, ಆಲಿವ್ ಸೊಪ್ಪು ಕಟ್ಟಬೇಕಾಗಿ ಬಂದರೂ ಸರಿ, ಹೆಣ್ಣೋ ಗಂಡೋ ನಮಗೆ ಒಂದೇ.

ನಾಳೆ ಮುಂಜಾನೆ ಡೆಕ್ಸಿಯ ಈ ಪತ್ರ ಇಟ್ಟುಕೊಂಡು ಹೊರಡುತ್ತಾನೆ, ಅಂಜೂರದ ಬುಟ್ಟಿಯಲ್ಲಿ. ನಾವು ನಾಳಿದ್ದು ಹೇಸರಗತ್ತೆ ಬಂಡಿಯಲ್ಲಿ ಹೊರಟು, ಓರೋಪದಲ್ಲಿ ದೋಣಿ ಹಿಡಿದು, ಹುಣ್ಣಿಮೆಯ ದಿನ ಮಧ್ಯಾಹ್ನಕ್ಕೆ ಮುಂಚೆ ನಿಮ್ಮ ಅಂಗಳದಲ್ಲಿರುತ್ತೇವೆ. ಮೊದಲು ನಾನು ಅಳಿಯನ ಮುಂದೆ ಅವನು ಬರೆಸಿದ ಪ್ರಶ್ನೆಯನ್ನು ಓದುತ್ತೇನೆ. ಬರೆದವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಓದುತ್ತೇನೆ, ಡೆಕ್ಸಿಯ ಎಷ್ಟು ಒದ್ದಾಡಿದರೂ ಬಿಡುವುದಿಲ್ಲ. ಅಳಿಯ ಆ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಕೇಳಿಲ್ಲ. ಕೇಳಿದರೆ ಅವನ ಕೈಯಿಂದಲೂ ಕಲ್ಲು ಜಾರಬಹುದು. ಜಾರಿದರೆ ನಾನು ಅವನ ಅಂಗಳದಲ್ಲೇ ಕೂತು ನಿನ್ನ ಬಾಣಂತನ ಮಾಡಿ ಬರುತ್ತೇನೆ. ಜಾರದಿದ್ದರೆ ದೋಣಿ ದಡದಲ್ಲಿ ಇರುತ್ತದೆ.

ಆದರೆ ಒಂದು ಮಾತು. ನಿನ್ನನ್ನು ನಾವು ಎಳೆದುಕೊಂಡು ಬರುವುದಿಲ್ಲ. ಹಾಗೆ ಮಾಡಿದರೆ ನಿನ್ನ ಅತ್ತೆಯ ಬದಲು ನಾನು ನಿನ್ನ ವಿಧಿ ಆದೆ, ಅಷ್ಟೇ. ನಿನ್ನ ಅಪ್ಪ ಎಲ್ಲರ ಎದುರಿಗೆ ನಿನ್ನನ್ನು ಕೇಳುತ್ತಾರೆ: ಏನು ಮಾಡಲಿ, ನೀನೇ ಹೇಳು. ಆಗ ನನ್ನ ಮುಖ ನೋಡಬೇಡ, ಗಂಡನ ಮುಖ ನೋಡಬೇಡ, ನೆಲ ನೋಡಬೇಡ. ನಾನು ಕೊಟ್ಟ ಉತ್ತರವನ್ನು ಕೊಡಬೇಡ. ನಿನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳು. ಇವತ್ತಿನಿಂದಲೇ ಕೋಣೆಯಲ್ಲಿ ಒಬ್ಬಳೇ ಹೇಳಿ ಹೇಳಿ ರೂಢಿ ಮಾಡಿಕೋ. ನಟರೂ ಹಾಗೇ ಕಲಿಯುವುದು.

ಶಕುನ ನಿಜವಾಗಿಬಿಟ್ಟರೆ ಎಂದು ನೀನು ಕೇಳುತ್ತೀಯೆ. ಆಗಬಹುದು. ನನಗೆ ಗೊತ್ತಿಲ್ಲ, ಆ ಶಕುನದವನಿಗೂ ಗೊತ್ತಿಲ್ಲ. ಆರ್ಕಿಪ್ಪನಿಗೆ ಜ್ವರ ಬರಬಹುದು, ಅವನು ಸಮುದ್ರದಲ್ಲಿ ಮುಳುಗಬಹುದು, ತೊಂಬತ್ತು ವರ್ಷ ಬದುಕಿ ಹಲ್ಲಿಲ್ಲದ ಬಾಯಿಯಿಂದ ನಿನ್ನನ್ನು ಗೋಳಾಡಿಸಲೂಬಹುದು. ನಮ್ಮ ಕೈಯಲ್ಲಿ ಇಲ್ಲದವು ಸಾವಿರ ಇವೆ, ಅವುಗಳಿಗೆ ನಾನೂ ತಲೆ ಬಾಗುತ್ತೇನೆ. ಆ ಮಡಕೆ ನಮ್ಮ ಕೈಯಲ್ಲಿದೆ. ಅದನ್ನು ಯಾರೂ ಎತ್ತದಿದ್ದರೆ ಅದು ತಾನಾಗಿ ಗುಡ್ಡಕ್ಕೆ ನಡೆದು ಹೋಗುವುದಿಲ್ಲ.

ಚೆನ್ನಾಗಿ ಉಣ್ಣು. ಭಾರ ಎತ್ತಬೇಡ. ನೋವು ಬೇಗ ಶುರುವಾದರೆ ಡೆಕ್ಸಿಯನಿಗೆ ಹೇಳಿ ಕಳಿಸು, ಅವನು ನಾವು ಬರುವ ತನಕ ನಿಮ್ಮ ಬಂದರಿನಲ್ಲೇ ಇರುತ್ತಾನೆ. ನಾವು ಬರುವುದರೊಳಗೆ ಮಗು ಹುಟ್ಟಿದರೆ ಅದನ್ನು ಕೈಯಿಂದ ಕೆಳಗೆ ಇಳಿಸಬೇಡ, ಯಾರು ಕೇಳಿದರೂ, ಎಷ್ಟು ಮೆತ್ತಗೆ ಕೇಳಿದರೂ.

ಹೇಳಬೇಕಾದ ದಿನ ಹೇಳದೆ, ಇವತ್ತು ಹೇಳಿದ
ನಿನ್ನ ಅಮ್ಮ
ನಿಕರೆತೆ

ಮರೆತದ್ದು. ಮರೆತದ್ದಲ್ಲ, ಉತ್ತರ ಬರೆಯದೆ ಮಡಚಿಬಿಡೋಣ ಅಂದುಕೊಂಡಿದ್ದೆ. ನಿನ್ನ ಪತ್ರದ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀಯೆ: ಒಳ್ಳೆಯ ಮನೆಯ ಮಗು ಎಂದು ಎತ್ತಿಕೊಂಡವರಿಗೆ ತಿಳಿಯಲು, ಮುಂದೆ ಯಾವತ್ತಾದರೂ ಗುರುತು ಹಿಡಿಯಲು, ಮಡಕೆಯಲ್ಲಿ ಏನಿಟ್ಟರೆ ಒಳ್ಳೆಯದು, ನಾಟಕಗಳಲ್ಲಿ ಬಿಟ್ಟ ಮಗುವನ್ನು ಎತ್ತಿಕೊಳ್ಳಲು ಒಬ್ಬ ಕುರುಬ ಬಂದೇ ಬರುತ್ತಾನಲ್ಲ ಅಮ್ಮ, ಎಂದು. ನಾನೂ ಇಟ್ಟಿದ್ದೆ. ನಾನು ಹುಟ್ಟಿದಾಗ ನನ್ನ ಅಮ್ಮ ಕಟ್ಟಿದ್ದ ಅಂಬರಿನ ಮಣಿ, ಕೆಂಪು ದಾರದಲ್ಲಿ. ಅಪ್ಪ ಮಡಕೆ ಬಿಟ್ಟು ಬಂದ ಮೂರನೆಯ ದಿನ ಯಾರಿಗೂ ಹೇಳದೆ ಗೋಡೆ, ಗಿಡ ಹಿಡಿದುಕೊಂಡು ಗುಡ್ಡಕ್ಕೆ ಹೋದೆ. ಮಡಕೆ ಇಟ್ಟಲ್ಲೇ ಇತ್ತು. ಮಣಿ ತೆಗೆದುಕೊಂಡು ಬಂದೆ. ನಿನ್ನ ಅಪ್ಪನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಯಾರೋ ಎತ್ತಿಕೊಂಡು ಹೋಗಿರಬಹುದು ಎಂದು ನಂಬಿದ್ದಾರೆ, ನಂಬಿರಲಿ. ಬುಟ್ಟಿಯ ತಳದಲ್ಲಿ, ಅಂಜೂರದ ಎಲೆಯಲ್ಲಿ ಸುತ್ತಿ ಮಣಿಯನ್ನು ಕಳಿಸಿದ್ದೇನೆ. ಕೈಯಲ್ಲಿ ಹಿಡಿದು ನೋಡು. ಕುರುಬ ಬರುವುದಿಲ್ಲ, ಮೆಲಿತ್ತ. ನಾವು ಬರುತ್ತಿದ್ದೇವೆ.